ಮಾತುಕತೆಯ ಕೋಣೆ

ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತಾರಲ್ಲ, ಆ ಗಾದೆಯನ್ನು ನನ್ನ ತಮ್ಮನನ್ನು ನೋಡಿಯೇ ಕಟ್ಟಿರಬೇಕು. ಅವನು ಅರಮನೆಯಲ್ಲಿ ಗೈಡು. ಬೀದಿಯವರು ಅವನನ್ನು ಕರೆಯುವುದೂ ‘ಅರಮನೆ’ ಅಂತಲೇ. ನೋಡಲು ಬಂದವರಿಗೆ ಕನ್ನಡಿ ಕೋಣೆ, ಊಟದ ಕೋಣೆ, ರಾಣಿಯ ಸ್ನಾನದ ಮನೆ ಎಲ್ಲ ತೋರಿಸಿ ಕೊನೆಗೆ ದೊಡ್ಡ ಹಾಲಿಗೆ ಕರೆದುಕೊಂಡು ಹೋಗುತ್ತಾನೆ. ಹಿಂದೆ ಯಾವುದೋ ಕಾಲದಲ್ಲಿ ಏಳು ವರ್ಷ ಕಡಿದಾಡಿದ ಎರಡು ದೇಶಗಳು ಅಲ್ಲಿ ಎದುರುಬದುರು ಕೂತು ಮಾತಾಡಿ ಯುದ್ಧ ನಿಲ್ಲಿಸಿದವಂತೆ. ಆ ಕಥೆ ಹೇಳುವಾಗ ಅವನ ದನಿ ಕೇಳಬೇಕು, ಜೇನು ಸುರಿದ ಹಾಗೆ. ಕೇಳಿದ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರಂತೆ. ಒರೆಸಿಕೊಳ್ಳಲಿ ಪಾಪ, ಅವರೇನು ನಮ್ಮ ಮನೆಗೆ ಬಂದು ಬಾಳಬೇಕಾಗಿಲ್ಲವಲ್ಲ.

ನಾನು ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಮುಂಬಾಗಿಲ ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷಿನ್ನು ಹಾಕಿಕೊಂಡು ಕೂತವಳು. ನನ್ನ ಬಾಯಿ ಜೋರು ಅಂತ ಬೀದಿಗೆಲ್ಲ ಗೊತ್ತು. ಹೌದು ಜೋರೇ, ಏನೀಗ? ಮೆತ್ತಗಿದ್ದವರಿಗೆ ಆ ಮನೆಯಲ್ಲಿ ಏನಾಯಿತು ಅಂತ ಹೇಳುವುದಕ್ಕೇ ಬಾಯಿ ತೆರೆದಿದ್ದೇನೆ.

ಮೊದಲು ಒಂದು ಪದದ ಅರ್ಥ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ‘ಮಾತಾಡುವುದು’ ಅಂದರೆ ಹೊಡೆಯುವುದು. ಇದು ನಮ್ಮಪ್ಪನ ಕಾಲದಿಂದ ಬಂದದ್ದು. ಅಪ್ಪ ಕೆಲಸದಿಂದ ಬಂದು ಟೋಪಿ ತೆಗೆದು ಮೊಳೆಗೆ ಹಾಕಿ, “ಬಾ, ನಿನ್ನ ಹತ್ರ ಮಾತಾಡೋದಿದೆ” ಅಂದರೆ ಅಮ್ಮನೋ ನಾನೋ ತಮ್ಮನೋ, ಯಾರ ಕಡೆ ನೋಡಿ ಅಂದನೋ ಅವರು ಒಳಗೆ ಹೋಗಬೇಕು. ಉಳಿದವರು ಹೊರಗೆ ಕೂತು ಕೇಳಬೇಕು. ಅಪ್ಪ ಸತ್ತ. ಗೋಡೆಯ ಮೊಳೆ ಉಳಿಯಿತು, ಆ ಮಾತೂ ಉಳಿಯಿತು. ಬೇರೆಯವರ ಮನೆಯಲ್ಲಿ ಮಾತುಕತೆ ಆಯಿತು ಅಂದರೆ ಮದುವೆ ಗೊತ್ತಾಯಿತು ಅಂತ. ನಮ್ಮಲ್ಲಿ ಮುಲಾಮು ತೆಗೆಯಿರಿ ಅಂತ.

ಆ ಸಂಜೆ ಆಲೂಗಡ್ಡೆ ಸಾರು ತಣ್ಣಗಾಗಿತ್ತು. ತಮ್ಮನ ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆಗಳನ್ನು ಇಸ್ತ್ರಿ ಮಾಡುವವಳು. ಬೀದಿಗೆ ಅವಳು ‘ಇಸ್ತ್ರಿ’. ಅಂದು ಲಾಂಡ್ರಿಯಲ್ಲಿ ಹೊತ್ತಾಗಿ ಓಡಿಬಂದು, ಬೆಳಿಗ್ಗೆಯ ಸಾರನ್ನೇ ಒಲೆಗಿಟ್ಟು, ಬಿಸಿಯಾಗುವ ಮೊದಲೇ ಇಳಿಸಿದ್ದಳು. ತಮ್ಮ ಒಂದು ಚಮಚ ಬಾಯಿಗಿಟ್ಟ. ಚಮಚವನ್ನು ಸದ್ದಾಗದ ಹಾಗೆ ತಟ್ಟೆಯ ಪಕ್ಕದಲ್ಲಿಟ್ಟ.

“ಎಲ್ರೂ ಊಟ ಮುಗಿಸಿ,” ಅಂದ, ಅದೇ ಜೇನಿನ ದನಿಯಲ್ಲಿ. “ಆಮೇಲೆ ನಿನ್ನ ಹತ್ರ ಮಾತಾಡೋದಿದೆ.”

ಇಸ್ತ್ರಿಯ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು.

“ಬಿಡೋ, ಬಿಸಿ ಮಾಡಿ ಕೊಡ್ತಾಳೆ,” ಅಂದೆ ನಾನು.

“ಅಕ್ಕಾ, ನಿನ್ನ ತಟ್ಟೆ ನೋಡ್ಕೊಂಡು ತಿನ್ನು.”

“ನನ್ನ ತಟ್ಟೇಲೂ ಅದೇ ಸಾರಿದೆ. ತಿಂದೆ. ಸತ್ತಿಲ್ಲ.”

“ಅಪ್ಪಾ, ಅದನ್ನ ಇಳಿಸಿದ್ದು ನಾನು,” ಅಂದಳು ಸಣ್ಣವಳು. ಅವಳು ಅವನ ಎರಡನೆಯ ಮಗಳು, ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಇಳಿಸಿದ್ದು ಅವಳಲ್ಲ. ಅದು ಅವನಿಗೂ ಗೊತ್ತಿತ್ತು.

“ಹಾಗಿದ್ರೆ ನಿಮ್ಮಮ್ಮ ನಿನಗೆ ಸಾರು ಇಳಿಸೋದನ್ನೂ ಕಲಿಸಿಲ್ಲ. ಅದಕ್ಕೂ ಸೇರಿಸಿ ಮಾತಾಡ್ತೀನಿ.”

ಊಟ ಮುಗಿಯಿತು. ಅವನು ಹೆಂಡತಿಯನ್ನು ಮಲಗುವ ಕೋಣೆಗೆ ಕಳಿಸಿ, ಬೆಲ್ಟು ಬಿಚ್ಚುತ್ತ ತಾನೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅದು ಅರಮನೆಯ ಸಮವಸ್ತ್ರದ ಬೆಲ್ಟು. ಬಕ್ಕಲಿನ ಮೇಲೆ ಎರಡು ಕೈ ಕುಲುಕುವ ಚಿತ್ರ, ಆ ಒಪ್ಪಂದದ ಗುರುತು. ಹಿತ್ತಾಳೆಯದು, ಅಂಗೈಯಗಲ. ನಾನು ಹೊರಗಿನಿಂದ ಬಾಗಿಲು ಗುದ್ದಿದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಒಳಗೆ ಬೆಲ್ಟು ಗಾಳಿ ಸೀಳುವ ಸದ್ದು, ಆಮೇಲೆ ಮಾಂಸಕ್ಕೆ ತಗುಲುವ ಸದ್ದು. ಇಸ್ತ್ರಿ ಮೊದಲು “ಬೇಡ ರೀ, ಬೇಡ ರೀ” ಅನ್ನುತ್ತಿದ್ದಳು. ಆಮೇಲೆ ಅದೂ ನಿಂತಿತು. ಬಾಗಿಲು ತೆರೆದು ಹೊರಬಂದವನು ನನ್ನನ್ನು ಎದೆಗೆ ಕೈ ಹಾಕಿ ತಳ್ಳಿದ. ನಾನು ಮಷಿನ್ನಿನ ಮೇಲೆ ಹೋಗಿ ಬಿದ್ದೆ.

ಇಸ್ತ್ರಿಯ ಕಿವಿಯ ಕೆಳಗೆ, ಕುತ್ತಿಗೆಯ ಮೇಲೆ, ಆ ಎರಡು ಕೈಗಳು ಅಚ್ಚಾಗಿ ಎದ್ದಿದ್ದವು. ಬೆರಳು ಬೆರಳು ಬಿಡಿಸಿ ಎಣಿಸಬಹುದಿತ್ತು.

ಅಮ್ಮ ಹಾಸಿಗೆಯ ಮೇಲಿಂದ, “ಏನಾಯ್ತೇ?” ಅಂತ ಕೂಗಿದಳು. ಅಮ್ಮನಿಗೆ ಕಿವಿ ಮಂದ. ಗಂಟಲು ಹರಿಯುವ ಹಾಗೆ ಕೂಗಿದರೆ ಮಾತ್ರ ಕೇಳುತ್ತದೆ.

“ನಿನ್ನ ಮಗ ಮಾತಾಡಿದ!” ಅಂತ ಕೂಗಿದೆ.

“ಓ, ಮಾತಾಡಿದ್ನಾ. ಇರ್ಲಿ ಬಿಡು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.”

“ಉಂಡ ಮೇಲೇ ಅಮ್ಮ ಅವನು ಶುರು ಮಾಡೋದು!”

“ಹಾಂ?”

“ಏನಿಲ್ಲ, ಮಲಕ್ಕೋ!”

ಬೆಳಿಗ್ಗೆ ಇಸ್ತ್ರಿಯೇ ಅವನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ ಕೊಟ್ಟಳು. ಬಕ್ಕಲನ್ನೂ ಒರೆಸಿಟ್ಟಳು. ಅವನು ಸೀಟಿ ಹೊಡೆಯುತ್ತ ಹೋದ.

ಹಿತ್ತಲ ಬಾಗಿಲಿನ ವಿಷಯ ಎದ್ದದ್ದು ಅದಾದ ವಾರ. ನಮ್ಮ ಮನೆಗೆ ಎರಡು ಬಾಗಿಲು. ಮುಂದಿನದು ಬೀದಿಗೆ, ಹಿಂದಿನದು ಅಡುಗೆಮನೆಯಿಂದ ಓಣಿಗೆ. ಹೋದ ವರ್ಷ ಅವನ ದೊಡ್ಡ ಮಗಳು, ಮುರಿದ ಮುಂಗೈಯನ್ನು ಟವೆಲಿನಲ್ಲಿ ಕಟ್ಟಿಕೊಂಡು, ಆ ಹಿಂದಿನ ಬಾಗಿಲಿನಿಂದಲೇ ಓಡಿಹೋಗಿದ್ದಳು. ಈಗ ನದಿಯಾಚೆ ಸಾಬೂನಿನ ಕಾರ್ಖಾನೆಯಲ್ಲಿದ್ದಾಳೆ. ಅವಳು ಹೋದ ಮರುದಿನವೇ ತಮ್ಮ ಕಬ್ಬಿಣದ ಕಪಾಟನ್ನು ಎಳೆದು ತಂದು ಆ ಬಾಗಿಲಿಗೆ ಅಡ್ಡ ಇಟ್ಟ. ಪಾತ್ರೆ, ಡಬ್ಬ, ಹಳೇ ಸಾಮಾನು ಎಲ್ಲ ತುಂಬಿಸಿದ. ಇನ್ನು ಮನೆಗೆ ಒಂದೇ ಬಾಗಿಲು. ಸಂಜೆಯಾದರೆ ಅಲ್ಲಿ ಕುರ್ಚಿ ಹಾಕಿಕೊಂಡು ಅವನು ಕೂರುತ್ತಿದ್ದ. ಗಾಳಿಗೆ ಅಂತ ಹೇಳುತ್ತಿದ್ದ. ಗಾಳಿಯೇ ಒಳಗೆ ಬರಲು ಅವನನ್ನು ಕೇಳಬೇಕಿತ್ತು.

ರಜೆಯ ದಿನ ಮಧ್ಯಾಹ್ನ ಎಲ್ಲರೂ ಕೂತು ಬಟಾಣಿ ಸುಲಿಯುತ್ತಿದ್ದೆವು. ಇಸ್ತ್ರಿ ತಲೆ ಎತ್ತದೆ ಅಂದಳು, “ರೀ, ಆ ಕಪಾಟು ಪಕ್ಕಕ್ಕೆ ಸರಿಸಿ.”

“ಯಾಕೆ?”

“ಒಲೆ ಹೊಗೆ ಹೋಗಲ್ಲ. ಹಿತ್ತಲ ಬಾಗಿಲು ತೆಗೀಬೇಕು.”

“ಕಿಟಕಿ ಇದೆ.”

“ಕಿಟಕಿಯಿಂದ ಹೊಗೆ ಹೋಗುತ್ತೆ,” ಅಂದಳು ಅವಳು ಬಟಾಣಿಯನ್ನೇ ನೋಡುತ್ತ. “ಮನುಷ್ಯರು ಹೋಗೋಕಾಗಲ್ಲ.”

ನಾನು ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟೆ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಅವಳು ಅವನನ್ನು ಏನನ್ನಾದರೂ ಕೇಳಿದ್ದು ಅದೊಂದೇ. ಬಟ್ಟೆ ಕೇಳಲಿಲ್ಲ, ಒಡವೆ ಕೇಳಲಿಲ್ಲ, ಒಂದು ಬಾಗಿಲು ಕೇಳಿದಳು. ಅದು ಸಿಗದಿದ್ದರೆ ಆ ಅಡುಗೆಮನೆಯಲ್ಲೇ ಒಂದು ದಿನ ಅವಳ ಹೆಣ ಎತ್ತಬೇಕಾಗುತ್ತದೆ ಅಂತ ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಎಲ್ಲಿಗೆ ಹೋಗಬೇಕಾಗಿದೆ ನಿನಗೆ?” ತಮ್ಮ ನಗುತ್ತಲೇ ಕೇಳಿದ.

“ಎಲ್ಲಿಗೂ ಇಲ್ಲ. ಹೋಗಬಹುದು ಅಂತ ಇರಬೇಕು, ಅಷ್ಟೆ.”

“ನಾನು ತಳ್ತೀನಿ ಬಿಡಮ್ಮ,” ಅಂತ ಸಣ್ಣವಳು ಎದ್ದೇ ಬಿಟ್ಟಳು. “ಇದೇನು ಬೆಟ್ಟಾನಾ?” ಅಡುಗೆಮನೆಗೆ ಹೋಗಿ ಕಪಾಟಿನ ಬಾಗಿಲು ತೆರೆದು, ಡಬ್ಬಗಳನ್ನು ಒಂದೊಂದೇ ಕೆಳಗಿಡತೊಡಗಿದಳು.

ತಮ್ಮ ಆತುರಪಡಲಿಲ್ಲ. ಎದ್ದು ಹೋದ. ಅವಳ ಬಲಗೈ ಕಪಾಟಿನ ಅಂಚಿನ ಮೇಲಿತ್ತು. ಅವನು ಕಬ್ಬಿಣದ ಬಾಗಿಲನ್ನು ಹಿಡಿದು, ಮೈಯೆಲ್ಲ ಭಾರ ಹಾಕಿ, ಮುಚ್ಚಿದ.

ಆ ಕೂಗು ಅಮ್ಮನಿಗೂ ಕೇಳಿಸಿತು. ಎರಡು ಬೆರಳು. ಒಂದರ ಉಗುರು ಕಪಾಟಿನೊಳಗೇ ಉಳಿಯಿತು. ನಾನು ಅವನ ಕೂದಲು ಹಿಡಿದು ಜಗ್ಗಿದೆ, ಇಸ್ತ್ರಿ ಅವನ ತೋಳು ಕಚ್ಚಿದಳು. ಅವನು ನಮ್ಮಿಬ್ಬರನ್ನೂ ಕೊಡವಿ ಬಿಸಾಕಿ ಹೋಗಿ ಮುಂಬಾಗಿಲ ಕುರ್ಚಿಯಲ್ಲಿ ಕೂತ. ಆಸ್ಪತ್ರೆಗೆ ಹೋಗಬೇಕಾದರೂ ಅವನನ್ನು ದಾಟಿ ಹೋಗಬೇಕು. ಕಾಲು ಚಾಚಿ ಕೂತವನು, ನಾವು ಬೇಡಿಕೊಂಡ ಮೇಲೆ, ಕಾಲು ಮಡಿಸಿದ.

“ಏನಾಯ್ತು ಅಂತ ಕೇಳಿದ್ರೆ?” ಅಂದ ಸಣ್ಣವಳಿಗೆ.

“ಬಾಗಿಲಿಗೆ ಸಿಕ್ಕಿ ಹಾಕ್ಕೊಳ್ತು ಅಂತೀನಿ,” ಅಂದಳು ಅವಳು, ಹಲ್ಲು ಕಚ್ಚಿ.

“ಜಾಣೆ.”

ಕತ್ತರಿ ಹಿಡಿಯುವ ಬೆರಳುಗಳು ಹೋದವು. ಕೂದಲಂಗಡಿಯವಳು “ವಾಸಿ ಆದ್ಮೇಲೆ ಬಾ” ಅಂದಳಂತೆ. ವಾಸಿಯಾಗುವ ಬೆರಳುಗಳಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಹುಡುಗಿ ಎಡಗೈಯಲ್ಲಿ ಊಟ ಮಾಡುತ್ತ ಅಪ್ಪನನ್ನೇ ನೋಡುತ್ತಿದ್ದಳು. ಅವನು ತಟ್ಟೆ ನೋಡುತ್ತಿದ್ದ.

“ಅಜ್ಜೀ,” ಅಂತ ಒಂದು ದಿನ ಅಮ್ಮನ ಕಿವಿಯ ಹತ್ತಿರ ಕೂಗಿದಳು, “ನಿನ್ನ ಮಗ ನನ್ನ ಬೆರಳು ಜಜ್ಜಿದ!”

“ಮಾತು ಕೇಳಬೇಕು ಕಣೇ,” ಅಂದಳು ಅಮ್ಮ. “ನಿಮ್ಮಜ್ಜ ಮಾತಾಡಿ ಮಾತಾಡಿ ನನ್ನ ಈ ಕಿವಿ ಹೋಯ್ತು. ನಾನೇನು ಬೀದಿಗೆ ಹೇಳ್ಕೊಂಡು ತಿರುಗಿದ್ನಾ?”

ಸಣ್ಣವಳು ನನ್ನ ಕಡೆ ತಿರುಗಿದಳು. “ಅತ್ತೆ, ಅಜ್ಜಿ ಕಿವಿ ವಯಸ್ಸಿಗೆ ಹೋಗಿದ್ದಲ್ವಾ?”

“ಅಲ್ಲ,” ಅಂದೆ.

ಒಂದು ಸಂಜೆ ತಮ್ಮ ಕುಣಿಯುತ್ತ ಬಂದ. ಒಪ್ಪಂದವಾದ ದಿನದ ನೆನಪಿಗೆ ಅರಮನೆಯಲ್ಲಿ ಕೆಲಸದವರ ಮನೆಯವರನ್ನೆಲ್ಲ ಕರೆದಿದ್ದಾರಂತೆ. ಹೊಸದಾಗಿ ಬಂದ ಮೇಲಧಿಕಾರಿಣಿ ಎಲ್ಲರ ಸಂಸಾರವನ್ನೂ ನೋಡಬೇಕು ಅಂದಿದ್ದಾಳಂತೆ. ಫೋಟೋ ಉಂಟಂತೆ, ಟೀ ಉಂಟಂತೆ. ಇವನು ಎಲ್ಲರಿಗಿಂತ ಹಳಬ, ಅವತ್ತು ದೊಡ್ಡ ಹಾಲಿನಲ್ಲಿ ಕಥೆ ಹೇಳುವವನು ಇವನೇ.

“ಅಕ್ಕಾ, ಇವಳಿಗೊಂದು ಅಂಗಿ ಹೊಲಿ. ಕಾಲರು ಸ್ವಲ್ಪ ಎತ್ತರ ಇರ್ಲಿ.”

“ಎಷ್ಟು ಎತ್ತರ? ಕಣ್ಣು ಕಾಣೋ ಹಾಗಿರಲಾ, ಅದೂ ಬೇಡ್ವಾ?”

“ಅಕ್ಕಾ, ನಿನ್ನ ನಾಲಿಗೆಗೂ ಒಂದು ಹೊಲಿಗೆ ಹಾಕ್ಕೋ.”

ಬಟ್ಟೆ ಹಾಕಿ ನೋಡುವಾಗ ಇಸ್ತ್ರಿ ಕನ್ನಡಿಯ ಮುಂದೆ ಸುಮ್ಮನೆ ನಿಂತಿದ್ದಳು. ಕುತ್ತಿಗೆಯ ಮೇಲಿನ ಎರಡು ಕೈಗಳು ನೇರಳೆಯಿಂದ ಹಳದಿಗೆ ತಿರುಗಿದ್ದವು. ನಾನು ಕಾಲರು ಮೇಲೆಳೆದು ಗುಂಡಿ ಹಾಕಿದೆ.

“ಅಕ್ಕಾ, ಅಲ್ಲಿ ಏನಿದೆ?”

“ಅರಮನೇಲಾ? ಏನೋ ಕನ್ನಡಿ, ಕುರ್ಚಿ. ನಾನೂ ನೋಡಿಲ್ಲ.” ಆ ಊರಲ್ಲೇ ಹುಟ್ಟಿ ಮುದುಕಿಯಾಗುತ್ತ ಬಂದೆ, ಒಳಗೆ ಕಾಲಿಟ್ಟಿರಲಿಲ್ಲ. ಮನೆಯಲ್ಲೇ ಒಂದು ‘ಅರಮನೆ’ ಇರುವಾಗ ಇನ್ನೊಂದು ಯಾರಿಗೆ ಬೇಕಿತ್ತು?

ಅಂದು ಬಸ್ಸಿನಲ್ಲಿ ಹೋದೆವು. ಅರಮನೆಯ ಬಾಗಿಲಲ್ಲಿ ನಮ್ಮ ಚಪ್ಪಲಿ, ಬೂಟಿನ ಮೇಲೆ ದಪ್ಪ ಬಟ್ಟೆಯ ಚೀಲ ಹಾಕಿಸಿದರು, ಮರದ ನೆಲ ಗೀರಬಾರದು ಅಂತ. ಅಮ್ಮ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ತೋಳು ಹಿಡಿದು ಜಾರುತ್ತ ನಡೆದಳು. “ನೆಲಕ್ಕೆ ಗೀರು ಬಿದ್ರೆ ಇಷ್ಟು ಸಂಕಟಾನಾ ಇವರಿಗೆ?” ಅಂತ ಗಟ್ಟಿಯಾಗಿ ಕೇಳಿದಳು. ಮುಂದಿದ್ದವರು ನಕ್ಕರು. ಸಣ್ಣವಳು ಬ್ಯಾಂಡೇಜಿನ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡಿದ್ದಳು, ಅಪ್ಪನ ಅಪ್ಪಣೆ.

ಕನ್ನಡಿ, ಕುರ್ಚಿ, ರಾಣಿಯ ಮಂಚ ಎಲ್ಲ ಆಯಿತು. ಕೊನೆಯ ಕೋಣೆಯ ಹತ್ತಿರ ಗೋಡೆಯ ಮೇಲೊಂದು ಫಲಕ. ಇಸ್ತ್ರಿ ಅಕ್ಷರ ಕೂಡಿಸಿ ಓದಿದಳು: ‘ಮಾತುಕತೆಯ ಕೋಣೆ. ಇಲ್ಲಿ ಹನ್ನೊಂದು ವಾರ ಮಾತುಕತೆ ನಡೆಯಿತು.’ ಓದಿದವಳು ಹೊಸಿಲಲ್ಲೇ ನಿಂತುಬಿಟ್ಟಳು. ನನ್ನ ಮುಂಗೈ ಹಿಡಿದಳು.

“ಹನ್ನೊಂದು ವಾರಾನಾ ಅಕ್ಕಾ?” ಅಂತ ಪಿಸುಗುಟ್ಟಿದಳು. “ಎಷ್ಟು ಜನ ಸತ್ರು?”

ನನಗೆ ನಗು ಬಂತು. ಬಂದದ್ದನ್ನು ನುಂಗಿಕೊಂಡೆ. “ಇಲ್ಲ ಕಣೇ. ಇದು ಬೇರೆ ಮಾತುಕತೆ. ಬಾಯಲ್ಲಿ ಆಡೋದು.”

“ಬರೀ ಬಾಯಲ್ಲಾ?”

“ಬರೀ ಬಾಯಲ್ಲಿ. ಒಳಗೆ ಬಾ.”

ನಡುವೆ ಹಸಿರು ಬಟ್ಟೆ ಹಾಸಿದ ದುಂಡು ಮೇಜು, ಸುತ್ತ ಕುರ್ಚಿಗಳು. ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು, ಎರಡೂ ಒಂದೇ ಅಳತೆ. ಕೆಲಸದವರು, ಅವರ ಮನೆಯವರು ಎಲ್ಲ ಗೋಡೆಗೊರಗಿ ನಿಂತರು. ಮೇಲಧಿಕಾರಿಣಿ ನಮ್ಮ ಪಕ್ಕದಲ್ಲೇ ನಿಂತಳು, ಕನ್ನಡಕ ಹಾಕಿದ ಗಂಭೀರ ಹೆಂಗಸು. ತಮ್ಮ ಮೇಜಿನ ಹತ್ತಿರ ಹೋಗಿ, ಎಲ್ಲರಿಗೂ ಕೇಳಲಿ ಅಂತ ದನಿ ಎತ್ತಿದ. ಮನೆಯಲ್ಲಿ ಅವನು ಎಂದೂ ದನಿ ಎತ್ತಿದವನಲ್ಲ. ಅಮ್ಮ ಕೋಲು ಊರಿ ಮುಂದಕ್ಕೆ ಬಾಗಿದಳು. ಮಗನ ಮಾತು ಅವಳಿಗೆ ಪೂರ್ತಿ ಕೇಳಿಸುತ್ತಿದ್ದದ್ದು ಎಷ್ಟೋ ವರ್ಷಗಳ ಮೇಲೆ.

“ಮೊದಲು ಈ ಕೋಣೆಗೆ ಒಂದೇ ಬಾಗಿಲಿತ್ತು,” ಅಂದ ತಮ್ಮ. “ನೀವು ಮೊದಲು ಹೋಗಿ, ಇಲ್ಲ ನೀವು ಮೊದಲು ಅಂತ ಎರಡೂ ಕಡೆಯವರು ಹೊರಗೇ ನಿಂತ್ರು. ಮೊದಲು ಒಳಗೆ ಹೋದವನ ಹಿಂದೆ ಬಾಗಿಲು ಮುಚ್ಚಿಬಿಟ್ರೆ? ಆಗ ಅರಮನೆಯವರು ಏನು ಮಾಡಿದ್ರು? ಗೋಡೆ ಒಡೆಸಿ ಇನ್ನೊಂದು ಬಾಗಿಲು ಇಡಿಸಿದ್ರು. ಯಾಕೆ ಗೊತ್ತಾ? ಎದ್ದು ಹೋಗೋಕೆ ಬಾಗಿಲಿದ್ದವನು ಮಾತ್ರ ಕೂತು ಮಾತಾಡ್ತಾನೆ. ಬಾಗಿಲಿಲ್ಲದವನು ಬರೀ ತಲೆ ಆಡಿಸ್ತಾನೆ.”

ಜನ ತಲೆದೂಗಿದರು. ಇಸ್ತ್ರಿ ಎಡದ ಬಾಗಿಲು ನೋಡಿದಳು, ಬಲದ ಬಾಗಿಲು ನೋಡಿದಳು, ಗಂಡನನ್ನು ನೋಡಿದಳು. ಎಲ್ಲ ಗೊತ್ತಿದೆ ಮುಂಡೇದಕ್ಕೆ ಅಂತ ನನ್ನ ಮೈ ಉರಿದುಹೋಯಿತು. ಗೊತ್ತಿಲ್ಲದೆ ಮಾಡುವವನನ್ನಾದರೂ ಕ್ಷಮಿಸಬಹುದು.

“ಹನ್ನೊಂದು ವಾರ ಮಾತುಕತೆ ನಡೀತು,” ತಮ್ಮನ ಕಂಠ ತುಂಬಿ ಬಂತು. “ಏಳು ವರ್ಷದ ಹಗೆ. ಆದ್ರೂ ಈ ಕೋಣೇಲಿ ಒಬ್ಬ ಇನ್ನೊಬ್ಬನ ಮೇಲೆ ಕೈ ಎತ್ತಲಿಲ್ಲ. ಒಬ್ಬನಿಗೂ ಒಂದು ಗಾಯ ಆಗಲಿಲ್ಲ.”

ಕಿವಿ ಮಂದವಾದವರ ದನಿಯಲ್ಲಿ, ಗಟ್ಟಿಯಾಗಿ, ಅಮ್ಮ ಕೇಳಿದಳು:

“ಯಾರಿಗೂ ಪೆಟ್ಟೇ ಬೀಳಲಿಲ್ಲ ಅಂದ್ರೆ ಅದೆಂಥ ಮಾತುಕತೆನೋ ಮಗಾ?”

ಜನ ಹೋ ಅಂತ ನಕ್ಕರು. ಅಜ್ಜಿ ತಮಾಷೆಗಾರ್ತಿ ಅಂದುಕೊಂಡರು. ಅಮ್ಮನಿಗೆ ನಗು ಯಾಕೆ ಅಂತ ತಿಳಿಯಲಿಲ್ಲ. ತನ್ನನ್ನು ನಂಬುತ್ತಿಲ್ಲ ಅಂದುಕೊಂಡಳೋ ಏನೋ, ಇಸ್ತ್ರಿಯನ್ನು ಮುಂದಕ್ಕೆ ಎಳೆದಳು. “ಮನೇಲಿ ಮಾತಾಡಿದ್ರೆ ಎರಡು ದಿನ ಏಳೋಕಾಗಲ್ಲ ಇವಳಿಗೆ. ನಮ್ಮೆಜಮಾನ್ರು ಮಾತಾಡಿ ನನ್ನ ಕಿವಿ ಹೋಯ್ತು. ಇಲ್ಲಿ ಹನ್ನೊಂದು ವಾರ ಮಾತಾಡಿ ಏನೂ ಆಗಲಿಲ್ವಾ?”

ನಗು ಅಲ್ಲೊಂದು ಇಲ್ಲೊಂದು ಉಳಿದು ನಿಂತುಹೋಯಿತು. ಅಮ್ಮ ಎಳೆದ ರಭಸಕ್ಕೆ ಇಸ್ತ್ರಿಯ ಕಾಲರಿನ ಗುಂಡಿ ಕಿತ್ತುಬಂದಿತ್ತು. ಮೇಲಧಿಕಾರಿಣಿ ಅವಳ ಕುತ್ತಿಗೆ ನೋಡಿದಳು. ಅಲ್ಲಿದ್ದ ಎರಡು ಕೈಗಳನ್ನು ನೋಡಿದಳು. ಆಮೇಲೆ ಕತ್ತು ತಿರುಗಿಸಿ ತಮ್ಮನ ಸೊಂಟದ ಬಕ್ಕಲು ನೋಡಿದಳು. ಸಣ್ಣವಳು ಯಾರೂ ಹೇಳದೆಯೇ ಜೇಬಿನಿಂದ ಕೈ ಹೊರತೆಗೆದಳು.

“ನಾಳೆ ಬೆಳಿಗ್ಗೆ ನನ್ನ ಕೋಣೆಗೆ ಬನ್ನಿ,” ಅಂದಳು ಮೇಲಧಿಕಾರಿಣಿ ತಮ್ಮನಿಗೆ, ತಗ್ಗಿದ ದನಿಯಲ್ಲಿ. “ನಿಮ್ಮ ಹತ್ರ ಮಾತಾಡೋದಿದೆ.”

ತಮ್ಮನ ಮುಖ ಸುಣ್ಣವಾಯಿತು.

ಬಸ್ಸು ಹತ್ತಿ ಕೂತೆವು. ಅಮ್ಮ, “ಟೀ ಕೊಡ್ತಾರೆ ಅಂದ್ರಲ್ಲ, ಕೊಡಲೇ ಇಲ್ಲ,” ಅಂದಳು. ದಾರಿಯಲ್ಲಿ ಒಂದು ನಿಲ್ದಾಣದಲ್ಲಿ ನಾನು ಇಸ್ತ್ರಿಯ ಕೈ ಹಿಡಿದು ಎದ್ದೆ. ಅವನು ನಮ್ಮ ಹಿಂದಿನ ಸೀಟಿನಿಂದ ಕೈ ಚಾಚಿ ಅವಳ ಜಡೆ ಹಿಡಿದುಕೊಂಡ, ಬೇರೆಯವರಿಗೆ ಪ್ರೀತಿಯ ಹಾಗೆ ಕಾಣಬೇಕು, ಹಾಗೆ. ಕೂತೆವು.

ಮನೆಯೊಳಗೆ ಎಲ್ಲರನ್ನೂ ಬಿಟ್ಟು ಅವನು ಮುಂಬಾಗಿಲು ಹಾಕಿದ. ಊಟ ಮುಗಿಯಲಿ ಅನ್ನಲಿಲ್ಲ. ಮಾತಾಡೋದಿದೆ ಅನ್ನಲಿಲ್ಲ. ಜೇನಿನ ದನಿಯೂ ಇರಲಿಲ್ಲ. ಕೂಗಿದ, ಬೀದಿಗೆಲ್ಲ ಕೇಳುವ ಹಾಗೆ.

“ನಮ್ಮಮ್ಮನಿಗೆ ಹೇಳಿಕೊಟ್ಟು ಕರ್ಕೊಂಡು ಬಂದ್ಯಾ? ಅಷ್ಟು ಜನದ ಮುಂದೆ ನನ್ನ ಮಾನ ತೆಗೀತೀಯಾ?”

“ನಾನೇನೂ ಹೇಳಿಕೊಟ್ಟಿಲ್ಲ ರೀ...”

ಮೊದಲ ಏಟಿಗೇ ಅವಳ ತುಟಿ ಒಡೆಯಿತು. ಅವಳು ಓಡಿದಳು. ಓಡುವುದಕ್ಕೆ ಅಡುಗೆಮನೆ ಬಿಟ್ಟು ಎಲ್ಲಿದೆ ಜಾಗ? ಅಲ್ಲಿ ಕಪಾಟಿಗೆ ಬೆನ್ನು ಹತ್ತಿತು. ಅವನು ಅವಳ ತಲೆಗೂದಲು ಹಿಡಿದು ಕಪಾಟಿಗೆ ಅಪ್ಪಳಿಸಿದ. ಒಳಗಿನ ಪಾತ್ರೆಗಳೆಲ್ಲ ಗಲಗಲ ಅಂದವು. ಮತ್ತೆ ಅಪ್ಪಳಿಸಿದ. ಸಣ್ಣವಳು ನಡುವೆ ನುಗ್ಗಿದಳು, ಅವನು ಮೊಣಕೈಯಿಂದ ಅವಳ ಮೂಗಿಗೆ ಕೊಟ್ಟ. ನಾನು ಬಟ್ಟೆ ಅಳೆಯುವ ಮರದ ಗಜಕಡ್ಡಿ ತಂದು ಅವನ ಬೆನ್ನಿನ ಮೇಲೆ ಬಾರಿಸಿದೆ. ಅದು ಎರಡು ತುಂಡಾಯಿತು. ಅವನು ತಿರುಗಿ ನನ್ನ ಮುಖಕ್ಕೆ ಗುದ್ದಿದ. ಬಾಯಿ ಉಪ್ಪುಪ್ಪಾಯಿತು. ಹಲ್ಲೊಂದು ನಾಲಿಗೆಯ ಮೇಲೆ ಬಿದ್ದದ್ದು ಗೊತ್ತಾಯಿತು. ಉಗಿದೆ.

ಅಮ್ಮ ಕೋಲೂರಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಅವನು ಕೂಗುತ್ತಿದ್ದನಲ್ಲ, ಎಲ್ಲ ಕೇಳಿಸಿತ್ತು.

“ಅದನ್ನ ಹೇಳಿದ್ದು ನಾನು ಕಣೋ,” ಅಂದಳು.

“ನೀನು ಸುಮ್ನಿರಮ್ಮ! ಇವಳು ಹೇಳಿಸಿದ್ದು!”

“ಯಾರೂ ಹೇಳಿಸಿಲ್ಲ. ನನಗೆ ತಿಳೀಲಿಲ್ಲ, ಕೇಳ್ದೆ. ನಾನು ಆಡಿದ ಮಾತಿಗೆ ಅವಳನ್ಯಾಕೆ ಹೊಡೀತಿದೀಯಾ?”

ಅವನು ಇಸ್ತ್ರಿಯ ಹೊಟ್ಟೆಗೆ ಒದ್ದ. ಅವಳು ಪಕ್ಕದ ಗೋಡೆಯ ಬುಡಕ್ಕೆ ಉರುಳಿದಳು.

“ಹೊಡೀತಿದೀಯಾ,” ಅಂದಳು ಅಮ್ಮ ಮತ್ತೆ. ಅಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅಮ್ಮ ಆ ಪದ ಆಡಿದ್ದನ್ನು ನಾನು ಕೇಳಿರಲಿಲ್ಲ. “ಇದು ಮಾತಲ್ಲ. ಹೊಡೀತಿದೀಯಾ ನೀನು. ಅವರೂ ಹೊಡೀತಿದ್ರು.” ಕೋಲೆತ್ತಿ ಅವನ ಮೊಣಕಾಲಿಗೆ ಹೊಡೆದಳು. ಮುದುಕಿಯ ಏಟು, ಆದರೂ ತಗುಲಿತು. ಅವನು ಯಾರು ಅಂತಲೂ ನೋಡದೆ ಕೈ ಬೀಸಿದ. ಅಮ್ಮ ನೀರಿನ ಬಕೆಟ್ಟಿನ ಮೇಲೆ ಬಿದ್ದಳು. ಕೋಲು ಒಲೆಯ ಅಡಿಗೆ ಉರುಳಿತು.

ಒಂದು ಕ್ಷಣ ಎಲ್ಲ ನಿಂತಿತು. ಅವನೂ ನಿಂತ, ತನ್ನ ಕೈ ನೋಡಿಕೊಳ್ಳುತ್ತ.

ಅಷ್ಟು ಸಾಕಾಯಿತು. ಸಣ್ಣವಳು ಕಪಾಟಿನ ಸಂದಿಗೆ ಎರಡೂ ಕೈ ತೂರಿಸಿದಳು, ಬ್ಯಾಂಡೇಜಿನ ಕೈಯನ್ನೂ. ನಾನೂ ಹೋಗಿ ಹಿಡಿದೆ. “ಎಳಿ ಅತ್ತೆ!” ಅಂತ ಕಿರುಚಿದಳು. ಎಳೆದೆವು. ಕಪಾಟು ವಾಲಿತು, ಡಬ್ಬಗಳು ಉದುರಿದವು, ಆಮೇಲೆ ಪೂರ್ತಿ ಕಪಾಟೇ ಮಗುಚಿ ಧಡಾರನೆ ಬಿತ್ತು. ತಮ್ಮ ಹಿಂದಕ್ಕೆ ಹಾರಿದ. ಆದರೂ ಅದರ ಅಂಚು ಪಾದಕ್ಕೆ ಬಡಿಯಿತು. ಊಳಿಟ್ಟ. ಅದರ ಹಿಂದೆ ಬಾಗಿಲು, ಜೇಡರ ಬಲೆ, ತುಕ್ಕು ಹಿಡಿದ ಚಿಲಕ.

ಇಸ್ತ್ರಿ ಗೋಡೆ ಹಿಡಿದು ಎದ್ದಳು. ಒಂದು ಕಣ್ಣು ಮುಚ್ಚಿಹೋಗಿತ್ತು. ಕಟ್ಟೆಯ ಮೇಲಿಂದ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು, ದಿನಾ ಅವನ ಸಮವಸ್ತ್ರ ತೀಡುತ್ತಿದ್ದ ಅದೇ ಪೆಟ್ಟಿಗೆ. ತಲೆಯ ಮೇಲಕ್ಕೆ ಎತ್ತಿದಳು. ಹೆಂಡತಿಯ ಎದುರು ನನ್ನ ತಮ್ಮ ಹಿಂದಕ್ಕೆ ಹೆಜ್ಜೆ ಇಟ್ಟದ್ದನ್ನು ಅವತ್ತು ಮೊದಲ ಸಲ ನೋಡಿದೆ.

“ಹಾಕೇ!” ಅಂತ ಕೂಗಿದೆ ನಾನು. “ಹಾಕು ಅವನ ತಲೆ ಮೇಲೆ!”

ಅವಳು ತಿರುಗಿ ಚಿಲಕಕ್ಕೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಚಿಲಕ ಹಾರಿತು. ಬಾಗಿಲು ಹೊರಕ್ಕೆ ತೆರೆದುಕೊಂಡಿತು, ಮಧ್ಯಾಹ್ನದ ಬೆಳಕು ಅಡುಗೆಮನೆಗೆಲ್ಲ ನುಗ್ಗಿತು. ಅವಳು ಮಗಳ ತೋಳು ಹಿಡಿದು ಹೊರಗೆ ದಾಟಿದಳು.

“ಅಕ್ಕಾ, ಬಾ!”

“ನೀನು ನಡಿ! ದೊಡ್ಡವಳ ಹತ್ರ ನಡಿ! ಅಮ್ಮ ಇದಾಳೆ ಇಲ್ಲಿ!”

ಬಾಗಿಲು ಮುಚ್ಚಿತು. ಹೊರಗಿನಿಂದ ಅಗಳಿ ಬಿದ್ದ ಸದ್ದು ಕೇಳಿಸಿತು. ತಮ್ಮ ಕಪಾಟು ಹತ್ತಿ ಹೋಗಿ ಬಾಗಿಲು ಒದ್ದ. ಅದು ಜಗ್ಗಲಿಲ್ಲ. ಆ ಕಾಲದ ಮರ. ಮುಂಬಾಗಿಲಿನಿಂದ ಸುತ್ತಿ ಹೋಗಿ ಹಿಡಿಯುತ್ತೇನೆ ಅಂತ ಕುಂಟುತ್ತ ನಡುಮನೆಗೆ ಓಡಿದ. ನಾನು ಗಜಕಡ್ಡಿಯ ಒಂದು ತುಂಡನ್ನು ಎತ್ತಿಕೊಂಡು, ಅವನ ಅಂಗಿ ಹಿಡಿದು ಜಗ್ಗುತ್ತ ಹಿಂದೆ ಹೋದೆ.

ಮುಂಬಾಗಿಲಲ್ಲಿ ಅಮ್ಮ ಕೂತಿದ್ದಳು.

ಯಾವಾಗ ಎದ್ದಳೋ, ಆ ಭಾರದ ಕುರ್ಚಿಯನ್ನು ಹೇಗೆ ಎಳೆದಳೋ. ಅವನು ಸಂಜೆ ಗಾಳಿಗೆ ಕೂರುತ್ತಿದ್ದ ಅದೇ ಕುರ್ಚಿ, ಬಾಗಿಲಿಗೆ ಅಡ್ಡಡ್ಡ. ಹಣೆಯಿಂದ ರಕ್ತ ಇಳಿದು ಹುಬ್ಬಿನ ಮೇಲೆ ನಿಂತಿತ್ತು. ಕಾಲು ಚಾಚಿ ಕೂತಿದ್ದಳು.

“ಏಳಮ್ಮ!” ಅಂತ ಕೂಗಿದ.

“ಏಳಲ್ಲ.”

“ಅವರು ಹೋಗ್ತಿದಾರೆ ಅಮ್ಮ! ಏಳು!”

“ಹೋಗ್ಲಿ. ಅವರಿಗೆ ಬಾಗಿಲಿದೆ, ಹೋಗ್ತಾರೆ. ನಿನಗಿಲ್ಲ.”

ಅವನು ಇನ್ನೂ ಒಂದು ಹೆಜ್ಜೆ ಮುಂದಿಟ್ಟ. ಮುಷ್ಟಿ ಬಿಗಿದಿತ್ತು. ನಾನು ಕೈಯಲ್ಲಿದ್ದ ಗಜಕಡ್ಡಿಯ ತುಂಡನ್ನು ಎತ್ತಿ ಹಿಡಿದೆ. ಅಮ್ಮ ತಲೆ ಎತ್ತಿ ಮಗನ ಮುಖವನ್ನೇ ನೋಡಿದಳು.

“ಬಾ,” ಅಂದಳು. “ನಿನ್ನ ಹತ್ರ ಮಾತಾಡೋದಿದೆ.”

ಅಮ್ಮನ ಕೈಯಲ್ಲಿ ಏನೂ ಇರಲಿಲ್ಲ. ಕೋಲು ಒಲೆಯ ಅಡಿಯಲ್ಲೇ ಬಿದ್ದಿತ್ತು. ಆದರೂ ನನ್ನ ತಮ್ಮ, ಮೊಮ್ಮಕ್ಕಳಾಗುವ ವಯಸ್ಸಿನವನು, ಎರಡೂ ಕೈ ಎತ್ತಿ ತಲೆ ಮುಚ್ಚಿಕೊಂಡು ಕುಕ್ಕರಿಸಿದ. ಅಯ್ಯೋ ಪಾಪ ಅನ್ನಿಸಲಿಲ್ಲ ನನಗೆ. ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಹಿತ್ತಲಿನ ಓಣಿಯಲ್ಲಿ ಎರಡು ಜೊತೆ ಕಾಲುಗಳು ಓಡುತ್ತಿದ್ದ ಸದ್ದು ಸಣ್ಣದಾಗುತ್ತ ಹೋಯಿತು, ಆಮೇಲೆ ಕೇಳಿಸಲಿಲ್ಲ.